ದಿನಕ್ಕೆ ಮುನ್ನೂರು ಮಿಲಿ

ಕಾಲು ಮಡಚಿ, ಗೋಡೆಗೆ ಒರಗಿ ಕೂತುಕೊಳ್ಳಿ. ಫೋನುಗಳನ್ನು ಬೋರಲು ಹಾಕಿ. ನಡುವೆ ಯಾರೂ "ಹೀಗೂ ಉಂಟೇ" ಎಂದು ಕೇಳಬೇಡಿ. ಉಂಟು. ಕಡತದಲ್ಲೇ ಉಂಟು.

ಕೊಚ್ಚಿಯ ವೈಟ್ಟಿಲದಲ್ಲಿ, ಊರೂರಿನ ಬಸ್ಸುಗಳು ಬಂದು ಸುಧಾರಿಸಿಕೊಳ್ಳುವ ನಿಲ್ದಾಣದ ಹಿಂದೆ, ಕರಾವಳಿ ತೇವಾಂಶ ಅಂದಾಜು ಕಚೇರಿ ಇದೆ. ಎಲ್ಲೆಲ್ಲಿ ಎಷ್ಟೆಷ್ಟು ಪಸೆಯಿದೆ ಎಂದು ಅಳೆದು ಮೇಲಕ್ಕೆ ವರದಿ ಮಾಡುವುದು ಅದರ ಘನ ಕೆಲಸ. ಅಂಥ ಕಚೇರಿಯ ಒಳಗೇ ಒಂದು ಗಿಡ ನೀರು ಹೆಚ್ಚಾಗಿ ಕೊಳೆಯತೊಡಗಿತು.

ಅದು ಹಾದಿಬೀದಿಯ ಗಿಡವಲ್ಲ. ತಿರುವನಂತಪುರದ ಪ್ರಧಾನ ಕಚೇರಿಯಿಂದ ನಿರ್ದೇಶಕಿ ವಿಜಯಶ್ರೀ ಮೇಡಂ ತಮ್ಮ ಕೈಯಾರೆ ಕೊಟ್ಟು ಕಳಿಸಿದ ಪೀಸ್ ಲಿಲಿ. ಅಗಲ ಎಲೆ, ಶಂಖದಂಥ ಬಿಳಿ ಹೂ. ಜೊತೆಗೇ ಒಂದು ಆದೇಶ ಬಂತು:

"ಒಂದು: ಸದರಿ ಸಸ್ಯಕ್ಕೆ ಪ್ರತಿ ಕೆಲಸದ ದಿನ ಬೆಳಗ್ಗೆ ಹತ್ತೂವರೆಗೆ ಮುನ್ನೂರು ಮಿಲಿಲೀಟರ್ ನೀರು ಉಣಿಸತಕ್ಕದ್ದು. ಎರಡು: ಮಳೆ, ಬಿಸಿಲು, ಮುಷ್ಕರ ಇತ್ಯಾದಿ ಕಾರಣಗಳಿಗಾಗಿ ಪ್ರಮಾಣವನ್ನು ಬದಲಿಸತಕ್ಕದ್ದಲ್ಲ. ಮೂರು: ಕುಂಡದಿಂದ ತಟ್ಟೆಗೆ ಇಳಿದ ನೀರು ಸಸ್ಯದ ಸ್ವತ್ತಾಗಿದ್ದು, ಅದನ್ನು ಚೆಲ್ಲತಕ್ಕದ್ದಲ್ಲ. ನಾಲ್ಕು: ಉಸ್ತುವಾರಿ ನೌಕರನು ಸಸ್ಯವನ್ನು ಸುಸ್ಥಿತಿಯಲ್ಲಿ ಒಪ್ಪಿಸದ ಹೊರತು ಆತನನ್ನು ಈ ಕಚೇರಿಯಿಂದ ಬಿಡುಗಡೆ ಮಾಡತಕ್ಕದ್ದಲ್ಲ."

ಉಸ್ತುವಾರಿ ಬಿದ್ದದ್ದು ಗುಮಾಸ್ತ ಹಾಲಪ್ಪನ ತಲೆಗೆ. ರಾಣೆಬೆನ್ನೂರಿನವನು. ಹೆಂಡತಿ ಪ್ರೇಮ ಅಲ್ಲೇ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಮದುವೆಯಾಗಿ ಆರು ವರ್ಷ. ಇಬ್ಬರೂ ಒಂದೇ ಸೂರಿನಡಿ ಕಳೆದದ್ದು ರಜೆಯ ದಿನಗಳನ್ನಷ್ಟೇ. ಹಾಲಪ್ಪ ಹುಬ್ಬಳ್ಳಿಗೆ ವರ್ಗ ಕೇಳಿದ್ದ. ಗಿಡ ಬದುಕಿದರೆ ಅವನು ಊರಿಗೆ, ಗಿಡ ಸತ್ತರೆ ಅವನು ಕೊಚ್ಚಿಗೇ. ಇದನ್ನೂ ಕಡತದಲ್ಲಿ ಬರೆದಿದ್ದರು, ಇಂಗ್ಲಿಷಿನಲ್ಲಿ, ಸ್ವಲ್ಪ ಉದ್ದವಾಗಿ.

ಹಾಲಪ್ಪ ಆದೇಶದಂತೆ ನೀರೆರೆದ. ಮೂರು ವಾರಕ್ಕೆ ಎಲೆ ಹಳದಿಯಾಯಿತು, ಬುಡ ಮೆತ್ತಗಾಯಿತು, ತಟ್ಟೆಯಲ್ಲಿ ಸಸ್ಯದ ಸ್ವತ್ತು ಹೆಚ್ಚುತ್ತ ಹೋಗಿ ಸೊಳ್ಳೆಗಳು ಅದರಲ್ಲಿ ಸಂಸಾರ ಹೂಡಿದವು.

ಕಸ ಗುಡಿಸುವ ಜಲಜಾ, ಎಲ್ಲರ ಬಾಯಲ್ಲಿ ಜಲಜಾ ಚೇಚಿ, ಅಂದರೆ ಜಲಜಕ್ಕ, ಹತ್ತಿರದ ವಲ್ಲಾರ್ಪಾಡಂ ದ್ವೀಪದವಳು. ಮನೆ ಮುಂದೆ ಹಳೇ ಪೇಂಟ್ ಡಬ್ಬಿಗಳಲ್ಲಿ ಕಾಡನ್ನೇ ಬೆಳೆಸಿದವಳು. ಪೊರಕೆ ಊರಿಕೊಂಡು ನಿಂತು ಗಿಡವನ್ನೊಮ್ಮೆ, ಹಾಲಪ್ಪನನ್ನೊಮ್ಮೆ ನೋಡಿದಳು.

"ಸಾರೇ, ಅದರ ಬಾಯಾರಿಕೆಗೆ ಗಡಿಯಾರ ತಿಳಿಯುತ್ತದೆಯೇ? ಎರಡು ಗೆಣ್ಣಿನಷ್ಟು ಬೆರಳನ್ನು ಮಣ್ಣಿಗಿಳಿಸಿ. ಒಣಗಿದ್ದರೆ ಕುಂಡದ ತೂತಿನಿಂದ ಹರಿದು ಬರುವಷ್ಟು ಎರೆಯಿರಿ, ಆಮೇಲೆ ತಟ್ಟೆ ಚೆಲ್ಲಿ. ಹಸಿಯಿದ್ದರೆ ಕೈ ತೊಳೆದುಕೊಂಡು ನಿಮ್ಮ ಕೆಲಸಕ್ಕೆ ಹೋಗಿ."

ಇಷ್ಟೇ ವಿದ್ಯೆ. ಆದರೆ ಹೇಳಿದವಳ ಕೈಯಲ್ಲಿ ಪೊರಕೆ ಇತ್ತಾದ್ದರಿಂದ ಅದನ್ನು ತಜ್ಞರ ಅಭಿಪ್ರಾಯವೆಂದು ಪರಿಗಣಿಸಲಾಗಲಿಲ್ಲ.

ಹಾಲಪ್ಪ ಮಾತ್ರ ಮರುದಿನದಿಂದ ಎಲ್ಲರಿಗಿಂತ ಮೊದಲು ಬಂದು, ಕದ್ದು ಮಣ್ಣಿಗೆ ಬೆರಳಿಟ್ಟು ನೋಡತೊಡಗಿದ. ಮಣ್ಣು ಹಸಿ, ನೀರೆರೆಯಲಿಲ್ಲ. ಒಳ್ಳೆಯದೇ ಆಯಿತೆಂದು ಹಾಜರಿ ಯಂತ್ರಕ್ಕೆ ಅದೇ ಬೆರಳೊತ್ತಿದರೆ ಯಂತ್ರ ಅವನ ಗುರುತು ಹಿಡಿಯಲಿಲ್ಲ. ತೊಳೆದು ಒತ್ತಿದ, ಒದ್ದೆ ಬೆರಳಿನ ಪರಿಚಯವೂ ಅದಕ್ಕಿರಲಿಲ್ಲ. ಮೂರನೆಯ ದಿನ ಕಚೇರಿಯ ಮುಖ್ಯಸ್ಥ ಶಂಕರನಾರಾಯಣ ಅವನನ್ನು ಕರೆಸಿದರು.

"ಹಾಲಪ್ಪ, ನೀವು ಮೂರು ದಿನದಿಂದ ಕಚೇರಿಗೆ ಬಂದಿಲ್ಲ."

"ನಿಮ್ಮೆದುರೇ ನಿಂತಿದ್ದೇನಲ್ಲ ಸರ್."

"ನೀವು ನನಗೆ ಕಾಣುತ್ತಿರುವುದು ನನ್ನ ವೈಯಕ್ತಿಕ ಅಭಿಪ್ರಾಯ. ಯಂತ್ರದ ಅಭಿಪ್ರಾಯ ಬೇರೆ ಇದೆ."

ಸಂಜೆಯೊಳಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು: ನೌಕರರ ಬೆರಳುಗಳನ್ನು ಹಾಜರಿಗಾಗಿ ಮೀಸಲಿಡಲಾಗಿದ್ದು, ಕಚೇರಿ ವೇಳೆಯಲ್ಲಿ ಅನ್ಯ ಉದ್ದೇಶಕ್ಕೆ ಬಳಸತಕ್ಕದ್ದಲ್ಲ. ಗಿಡದ ಮೂರು ದಿನದ ಬಾಕಿ, ಒಂಬೈನೂರು ಮಿಲಿಯನ್ನು, ಒಂದೇ ಸಲ ಎರೆಯಲಾಯಿತು. ಗಿಡ ನೆಲ ನೋಡಿತು.

ಪ್ರೇಮ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. "ಅಲ್ರೀ, ಆರು ವರ್ಷದಾಗ ನನ್ನ ಬಗ್ಗೆ ಇಷ್ಟು ಕಾಳಜಿ ಮಾಡಿದ್ದಿಲ್ಲ ನೀವು," ಎಂದಳು. "ಆ ಗಿಡಾ ಕಟಗೊಂಡ ಇರ್ತೀರೋ, ನನ್ನ ಕಟಗೊಂಡ ಇರ್ತೀರೋ?"

ಎರಡರದ್ದೂ ಒಂದೇ ಕಡತವೆಂದು ಹೇಳಲು ಹಾಲಪ್ಪನಿಗೆ ಧೈರ್ಯ ಬರಲಿಲ್ಲ.

ಗಿಡ ತಮ್ಮ ಕಚೇರಿಯಲ್ಲಿ ಸಾಯುವುದು ಶಂಕರನಾರಾಯಣರಿಗೆ ಬೇಕಿರಲಿಲ್ಲ. ಕಡತಕ್ಕೆ ಗಿಡವನ್ನೇ 'ಲಗತ್ತು ಒಂದು' ಎಂದು ಸೇರಿಸಿ, ಹಾಲಪ್ಪನ ವರ್ಗಾವಣೆ ಅರ್ಜಿಯನ್ನು 'ಲಗತ್ತು ಎರಡು' ಮಾಡಿ, ಜೀಪಿನಲ್ಲಿ ತಿರುವನಂತಪುರಕ್ಕೆ ಕಳಿಸಿದರು. ಅಲ್ಲಿನ ಆವಕ ವಿಭಾಗಕ್ಕೆ ತೊಡಕಾಯಿತು. ಕಾಗದಕ್ಕೆ ಮುದ್ರೆ ಒತ್ತಬಹುದು, ಎಲೆಗೆ ಒತ್ತುವುದು ಹೇಗೆ? ಮುದ್ರೆ ಬೀಳದೆ ಸಂಖ್ಯೆಯಿಲ್ಲ, ಸಂಖ್ಯೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ಹದಿನಾರು ದಿನ ಗಿಡ ಕಿಟಕಿಯ ಮಗ್ಗುಲಲ್ಲಿ ಕೂತಿತ್ತು. ಯಾರೂ ಒಂದು ತೊಟ್ಟು ನೀರು ಕೊಡಲಿಲ್ಲ. ಬೇರಿನ ಸುತ್ತ ಮಣ್ಣು ಒಣಗಿತು, ಗಿಡ ಉಸಿರಾಡಿತು, ತಲೆಯೆತ್ತಿ ಒಂದು ಹೊಸ ಎಲೆ ಬಿಟ್ಟು ಅದರ ಹಿಂದೆಯೇ ಮೊಗ್ಗನ್ನೂ ತೋರಿಸಿತು.

ಹಾಲಪ್ಪನಿಗೆ ಕರೆ ಬಂತು. ಇಸ್ತ್ರಿ ಅಂಗಿ ತೊಟ್ಟು, ಪ್ರೇಮಳಿಗೆ ಸುದ್ದಿ ಮುಟ್ಟಿಸಿ, ಬೆಳಗಿನ ರೈಲು ಹಿಡಿದ. ವಿಜಯಶ್ರೀ ಮೇಡಂ ಮೈಸೂರಿನವರು. ಕನ್ನಡದಲ್ಲೇ ಮಾತಾಡಿಸಿ, ಚಹಾ ತರಿಸಿಕೊಟ್ಟರು.

"ಕೊಚ್ಚಿಯಲ್ಲಿ ಆರೋಗ್ಯ ಕೆಟ್ಟಿದೆ, ಬೇರೆ ಊರಲ್ಲಿ ಸುಧಾರಿಸಿದೆ. ಮಾನವೀಯ ನೆಲೆಯಲ್ಲಿ ವರ್ಗ ಮಂಜೂರು ಮಾಡಿದ್ದೀನಿ, ಹಾಲಪ್ಪ."

ಹಾಲಪ್ಪನ ಕಣ್ಣು ತುಂಬಿತು. "ಯಾವಾಗ ಬಿಡುಗಡೆ, ಮೇಡಂ?"

"ಆಗಲೇ ಆಯ್ತಲ್ಲ, ಇಲ್ಲೇ ಇದೆ," ಎಂದು ಕಿಟಕಿಯ ಬಳಿಗೆ ತರಿಸಿಟ್ಟಿದ್ದ ಗಿಡ ತೋರಿಸಿದರು. "ಒಂದು ಕಚೇರಿಯಿಂದ ವರ್ಷಕ್ಕೆ ಒಂದೇ ವರ್ಗ. ಕಾಯಿಲೆಯವರಿಗೆ ಮೊದಲು. ನಿಮಗೇನಾದರೂ ಕಾಯಿಲೆ ಇದೆಯಾ?"

"ಇಲ್ಲ, ಮೇಡಂ."

"ಸಂತೋಷ. ಚಹಾ ಆರುತ್ತೆ, ಕುಡೀರಿ."

ಆ ರಾತ್ರಿ ಪ್ರೇಮ ಫೋನಿನಲ್ಲಿ ಎಲ್ಲ ಕೇಳಿ, "ಮುಂದಿನ ಸಲ ಅರ್ಜಿ ಬರಿಯಾಕ ಹೋಗಬ್ಯಾಡ್ರಿ. ಕುಂಡದಾಗ ಕುಂಡ್ರಿ," ಎಂದಳು.

ಇನ್ನು ಯಾರ್ಯಾರು ಏನಾದರು ಎಂದರೆ: ಗಿಡ ತಿರುವನಂತಪುರದಲ್ಲಿ ಕೆಲಸಕ್ಕೆ ಹಾಜರಾಗಿದೆ. ಅಲ್ಲೂ ದಿನಕ್ಕೆ ಮುನ್ನೂರು ಮಿಲಿ ಜಾರಿಯಾಗಿ, ಎಲೆ ಮತ್ತೆ ಹಳದಿಗೆ ತಿರುಗಿದೆ. ಅದನ್ನು ವಾಪಸು ಕೊಚ್ಚಿಗೆ ವರ್ಗ ಮಾಡುವ ಪ್ರಸ್ತಾವ ಚಾಲನೆಯಲ್ಲಿದೆ. ವಿಜಯಶ್ರೀ ಮೇಡಂ ಸಸ್ಯ ವರ್ಗಾವಣೆ ನೀತಿಯ ಸಮಿತಿಗೆ ಅಧ್ಯಕ್ಷೆ. ಶಂಕರನಾರಾಯಣರು, ತಮ್ಮ ಅವಧಿಯಲ್ಲಿ ಒಂದೂ ಗಿಡ ಸಾಯದ ಕಾರಣ, ಪ್ರಶಂಸಾಪತ್ರ ಪಡೆದು ನಿವೃತ್ತರಾದರು. ಜಲಜಾ ಚೇಚಿ ಗಿಡ ಜೀಪು ಹತ್ತುವ ಮುಂಚೆಯೇ ಅದರ ಒಂದು ಮರಿ ಕಿತ್ತು ಪೇಂಟ್ ಡಬ್ಬಿಯಲ್ಲಿ ಊರಿದ್ದಳು. ಬೆರಳಿಟ್ಟು ನೋಡಿ ನೀರೆರೆಯುತ್ತಾಳೆ, ಈಗ ಏಳು ಹೂವಿವೆ. ಅದರದ್ದೊಂದು ಮರಿಯನ್ನು ದಸರಾ ರಜೆಯಲ್ಲಿ ಹಾಲಪ್ಪನ ಕೈಯಲ್ಲಿ ಕಳಿಸಿದಳು. ಹಾಲಪ್ಪ ನಾಲ್ಕು ದಿನಕ್ಕೆ ಮರಳಿದ, ಗಿಡ ರಾಣೆಬೆನ್ನೂರಿನ ಮನೆಯಲ್ಲೇ ಉಳಿದುಕೊಂಡಿತು. ಪ್ರೇಮ ಅದಕ್ಕೆ ಹಾಲಪ್ಪ ಎಂದೇ ಹೆಸರಿಟ್ಟು, ಹೆಸರು ಹಿಡಿದು ಬೈಯುತ್ತಾಳೆ.

ಹಾಲಪ್ಪ ಈಗಲೂ ವೈಟ್ಟಿಲದಲ್ಲಿದ್ದಾನೆ. ಗಿಡ ಹೋಯಿತೇ ಹೊರತು ನೀರಿನ ಆದೇಶವನ್ನು ಯಾರೂ ಹಿಂಪಡೆಯಲಿಲ್ಲ. ಹತ್ತೂವರೆಗೆ ಸರಿಯಾಗಿ ಬಂದು, ಕುಂಡವಿಲ್ಲದ ಖಾಲಿ ತಟ್ಟೆಗೆ ಮುನ್ನೂರು ಮಿಲಿ ಎರೆದು ಸಹಿ ಹಾಕುತ್ತಾನೆ. ಕಳೆದ ತಿಂಗಳು ತಪಾಸಣೆಗೆ ಬಂದವರು ಬಗ್ಗಿ ನೋಡಿ, ರಿಜಿಸ್ಟರಿನಲ್ಲಿ ಬರೆದು ಹೋದರು: ತಟ್ಟೆಯ ಆರೋಗ್ಯ ತೃಪ್ತಿಕರ.