ಮಾವನವರಿಗೆ ಲಿಂಕ್ಸ್ ತೋರಿಸಿದ್ದು

ಕಡಲಾಚೆಯ ಸ್ಯಾನ್ ರಮೋನಿನಲ್ಲಿ ಮನೆ ಮಾಡಿದ ಯಾವ ಅಳಿಯನೂ ಬರೀ ಅಳಿಯನಲ್ಲ. ಊರಿಂದ ಮಾವ ಬಂದಿಳಿದ ದಿನದಿಂದ ಅವನೇ ಡ್ರೈವರು, ಅವನೇ ಗೈಡು, ಫೋಟೋಗ್ರಾಫರೂ ಅವನೇ. ಹೇಳಿಕೊಳ್ಳಬಾರದು, ನನಗೆ ಈ ಕೆಲಸದ ಮೇಲೆ ಸ್ವಲ್ಪ ಹೆಮ್ಮೆಯೇ ಇದೆ. ಆದರೆ ಹಾಸನದ ನನ್ನ ಮಾವನವರು ಹೊಗಳುವ ಪೈಕಿಯವರಲ್ಲ. ಸೇತುವೆ ತೋರಿಸಿದರೆ "ನಮ್ಮಲ್ಲೂ ಇದೆ" ಅಂದರು. ಸಮುದ್ರ ತೋರಿಸಿದರೆ "ಮಂಗಳೂರಲ್ಲಿ ನೋಡಿದ್ದೀನಿ" ಅಂದರು. ಅವರು ವಾಪಸು ಹೊರಡಲು ನಾಲ್ಕೇ ದಿನ ಉಳಿದಿತ್ತು. ಅಷ್ಟರೊಳಗೆ ಅವರ ಬಾಯಿಂದ ಒಂದು "ಪರವಾಗಿಲ್ಲ" ಹೊರಡಿಸದಿದ್ದರೆ ನಾನು ಯಾವ ಸೀಮೆ ಅಳಿಯ?

ಮಾರ್ಗನ್ ಹಿಲ್ ಆಚೆ, ಓಕ್ ಕಾಡಿನ ನಡುವೆ, ಯುರೋಪಿನ ಪ್ರಾಣಿಗಳನ್ನೇ ಸಾಕಿರುವ ಸಣ್ಣ ವನ್ಯಧಾಮವೊಂದಿದೆ. ನಮ್ಮ ಕನ್ನಡ ಬಳಗದವರು ಯಾರೂ ಇನ್ನೂ ಪತ್ತೆ ಹಚ್ಚಿಲ್ಲ. ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆಯೊಂದಿಗೆ ಶನಿವಾರ ಮಾವನನ್ನು ಕೂರಿಸಿಕೊಂಡು ಹೊರಟೆ. ಕಾಡುಹಂದಿಯನ್ನು ಅವರು ಸರಿಯಾಗಿ ನೋಡಲೂ ಇಲ್ಲ. "ನಮ್ಮ ಜೋಳದ ಹೊಲಕ್ಕೆ ಬರ್ತಾವಲ್ಲ, ಅವೇ." ತೋಳಕ್ಕೂ ಜಿಂಕೆಗೂ ಅದೇ ಗತಿ. ಯುರೋಪಿನ ಕಾಡುಕೋಣದ ಮುಂದೆ ಒಂದು ನಿಮಿಷ ನಿಂತರು. ನನ್ನ ಎದೆ ಉಬ್ಬಿತು. "ಬಂಡೀಪುರದ್ದು ಇದಕ್ಕಿಂತ ಮೈಕೈ ತುಂಬ್ಕೊಂಡಿದೆ" ಎಂದು ಮುಂದೆ ನಡೆದರು.

ಉಳಿದದ್ದು ಲಿಂಕ್ಸ್ ಒಂದೇ. ಕಿವಿಯ ತುದಿಯಲ್ಲಿ ಕರಿ ಜುಟ್ಟಿರುವ ದೊಡ್ಡ ಕಾಡುಬೆಕ್ಕು. ಇದಂತೂ ಹಾಸನ ಜಿಲ್ಲೆಯಲ್ಲಿಲ್ಲ, ನಾನು ಮೊದಲೇ ಹುಡುಕಿ ನೋಡಿಕೊಂಡಿದ್ದೆ. ಬೇಲಿಯ ಮುಂದಿನ ಫಲಕವನ್ನು ಎರಡು ಸಲ ಓದಿ ಹೇಳಿದೆ. ಒಂದು ಗಂಟೆ ಕೂತೆವು. ಒಳಗೆ ಒಂದು ಮರದ ಕೊರಡು, ಅದರ ಪಕ್ಕ ಇನ್ನೊಂದು ಕೊರಡು, ಪ್ರಾಣಿ ಮಾತ್ರ ನಾಪತ್ತೆ. ಮಾವ ಪುಳಿಯೋಗರೆ ಮುಗಿಸಿ ಕೈ ಒರೆಸಿಕೊಂಡು, "ಹೋಗ್ಲಿ ಬಿಡಿ ಅಳಿಯಂದ್ರೆ, ಅದಕ್ಕೂ ನಿದ್ದೆ ಬೇಡ್ವಾ" ಎಂದರು. ಬೈದಿದ್ದರೇ ವಾಸಿಯಿತ್ತು.

ಫ್ರೀವೇಯಲ್ಲಿ ವಾಪಸು ಬರುವಾಗ ಮಾವನ ತಮ್ಮ ಹಾಸನದಿಂದ ಫೋನು ಮಾಡಿದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಮಾವ ಸ್ಪೀಕರು ಹಾಕಿ ಶುರುಮಾಡಿದರು. "ಲಿಂಕ್ಸ್ ಅಂತ ಒಂದು ಪ್ರಾಣಿ ನೋಡ್ಕೊಂಡು ಬಂದೆ ಕಣೋ. ಕರು ಎತ್ತರ ಇದೆ. ಕಿವಿ ಮೇಲೆ ಜುಟ್ಟು. ನನ್ನನ್ನೇ ದುರುಗುಟ್ಕೊಂಡು ನೋಡ್ತು. ನಮ್ಮ ಕಡೆ ಎಲ್ಲಿಂದ ತರ್ತೀಯ ಅಂಥದ್ದು? ನಮ್ಮ ಅಳಿಯಂದ್ರು ಇದ್ದದ್ದಕ್ಕೆ ಆಯ್ತು." ಮಾವನವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು, ಅದೂ ನನ್ನ ಮರ್ಯಾದೆಗಾಗಿ.

ತಮ್ಮನಿಗೆ ನಂಬಿಕೆ ಬರಲಿಲ್ಲ. "ನಿಜವೇನ್ರೀ ಅಳಿಯಂದ್ರೆ?" ಎಂದು ನನ್ನನ್ನೇ ಕೇಳಿದರು. ಮಾವ ಕಿಟಕಿಯಾಚೆ ನೋಡತೊಡಗಿದರು. ಸುಳ್ಳು ಹೇಳಬಾರದೆಂದು ಮಗಳಿಗೆ ದಿನಾ ಪಾಠ ಮಾಡುವವನು ನಾನು.

"ಹೌದು ಚಿಕ್ಕಮಾವ," ಎಂದೆ. "ಜೊತೇಲಿ ಎರಡು ಮರೀನೂ ಇದ್ವು."