ಉಣ್ಣೆಯುಂಡೆಗೊಂದು ಕಿವಿ

ಬೆಳಕು ಹರಿಯುವ ಮೊದಲೇ ಯಾಂಗ್‌ಕೀ ಅಡುಗೆಮನೆಯ ಮಾಡಿನ ಮಸಿ ಹೊಡೆದು, ಆ ಮಸಿಯನ್ನು ತನ್ನ ತಲೆಯಿಂದ ತೊಳೆದುಕೊಂಡು, ಬೀದಿಯ ಟ್ಯಾಂಕರಿನಿಂದ ಮಹಡಿಗೆ ನೀರು ಹೊತ್ತು, ದೇವರ ಮುಂದಿನ ಬಟ್ಟಲುಗಳನ್ನು ತುಂಬಿ, ಒಣ ಬಟಾಣಿ ಬೇಯಲಿಟ್ಟು, ಮೂಲಂಗಿ ತುರಿದು, ಕಲ್ಲಿನಂಥ ಒಣಗಿಣ್ಣು ಕುಟ್ಟಿ, ಅತ್ತೆಗೆ ಬೆಣ್ಣೆ ಚಹಾ ಕಡೆದುಕೊಟ್ಟು, ಹಿಟ್ಟು ನಾದಿ, ಗಂಡ ಸಾಮ್ತೆನ್‌ನನ್ನು ಮೂರು ಸಲ ಎಬ್ಬಿಸಿದ್ದಳು. (ಕೊನೆಯದೇ ಎಲ್ಲಕ್ಕಿಂತ ಭಾರದ ಕೆಲಸ. ನೀರಿನ ಕೊಡವಾದರೂ ಎತ್ತಿದರೆ ಏಳುತ್ತದೆ.)

ಆ ಸಂಜೆ ಗುತುಕ್. ಬೇರೆ ದಿನಗಳ ಸೂಪು ಹೊಟ್ಟೆ ತುಂಬಿಸಿ ಸುಮ್ಮನಾಗುತ್ತದೆ. ವರ್ಷ ಮುಗಿಯುವಾಗ ಮಾಡುವ ಈ ಸೂಪು ಮಾತ್ರ ಉಂಡವರ ಗುಣವನ್ನು ಬಯಲಿಗೆಳೆಯುತ್ತದೆ. ಉಣ್ಣುವವರು ಎಷ್ಟೇ ಇರಲಿ, ಒಳಗೊಂದು ವಸ್ತು ಅಡಗಿಸಿಟ್ಟ ದೊಡ್ಡ ಹಿಟ್ಟಿನುಂಡೆಗಳು ಒಂಬತ್ತು; ಪ್ರತಿ ಬಟ್ಟಲಿಗೂ ಒಂದು. ಒಡೆದಾಗ ಉಣ್ಣೆ ಸಿಕ್ಕಿದರೆ ಮೆತ್ತನೆಯ ಮನಸ್ಸು, ಮೆಣಸಿನಕಾಯಿ ಸಿಕ್ಕಿದರೆ ಬಾಯಿಬಡುಕತನ, ಉಪ್ಪಿನ ಹರಳು ಸೋಮಾರಿಗೆ, ಇದ್ದಿಲು ಕಪ್ಪು ಮನಸ್ಸಿನವರಿಗೆ. ಬೌಧಾ ಬಡಾವಣೆಯ ಟಿಬೆಟನ್ನರೆಲ್ಲ ಆ ಸಂಜೆ ನಕ್ಕು ಮರುದಿನ ಮರೆಯುವ ಆಟ.

ಅತ್ತೆ ಅಮಾಲಾ ಮಾತ್ರ ಮರೆತಿರಲಿಲ್ಲ. ಹೋದ ವರ್ಷ ಅವರಿಗೆ ಇದ್ದಿಲು ಬಂದಿತ್ತು. ಆ ತಿಂಗಳಲ್ಲೇ ಅವರ ತಂಗಿ ತೀರಿಕೊಂಡಳು. ಎಂದೋ ಒಂದು ಹವಳದ ಸರಕ್ಕಾಗಿ ಜಗಳವಾಡಿ ಮಾತು ಬಿಟ್ಟಿದ್ದ ತಂಗಿ. "ಸೂಪು ಸುಳ್ಳು ಹೇಳಲಿಲ್ಲ" ಎಂದು ಅಮಾಲಾ ಜಪಮಾಲೆ ಹಿಡಿದು ಗೋಡೆಯತ್ತ ತಿರುಗಿ ಕುಳಿತವರು ವರ್ಷವಿಡೀ ಹಾಗೇ ಕುಳಿತರು. ಬಟ್ಟಲು ಅರ್ಧ ತುಂಬಿ ಹೋದರೆ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಆ ಮನೆಯಲ್ಲಿ ಯಾಂಗ್‌ಕೀಯನ್ನು "ನೀನು ಉಂಡ್ಯಾ?" ಎಂದು ಕೇಳುತ್ತಿದ್ದ ಬಾಯಿ ಅದೊಂದೇ. ಅದೂ ಮುಚ್ಚಿತ್ತು.

ಈ ಸಲ ಏನಾದರೂ ಸರಿ, ಅಮಾಲಾಗೆ ಉಣ್ಣೆ ಬರಲೇಬೇಕು ಎಂದು ಯಾಂಗ್‌ಕೀ ನಿಶ್ಚಯಿಸಿದಳು. ಇದ್ದಿಲನ್ನೇ ಹಾಕದಿದ್ದರಾಯಿತು ಎಂದುಕೊಂಡರೆ, ಆ ದಾರಿಗೆ ಅಮಾಲಾ ಅಡ್ಡ ಕುಳಿತಿದ್ದರು.

"ನನ್ನ ಕಣ್ಣಿಗೆ ಪೊರೆ ಬಂದಿದೆ, ಬುದ್ಧಿಗಲ್ಲ. ಒಂಬತ್ತೂ ನಾನೇ ಎಣಿಸಿ ಕೊಡ್ತೀನಿ. ಇದ್ದಿಲನ್ನ ನನ್ನೆದುರಿಗೇ ಒಳಗಿಡು."

ಇಟ್ಟಳು. ಆದರೆ ಅತ್ತೆ ಎದ್ದುಹೋದ ಮೇಲೆ ಉಣ್ಣೆಯುಂಡೆಯನ್ನು ಚಿವುಟಿ ಗುರುತಿಗೆಂದು ಗುಟ್ಟಾಗಿ ಒಂದು ಕಿವಿ ಎಬ್ಬಿಸಿದಳು. ಕೈ ತಡೆಯಲಾರದೆ ಉಪ್ಪಿನುಂಡೆಗೊಂದು ಮೂಗನ್ನೂ. ಅದು ಯಾರ ಬಟ್ಟಲಿಗೆ ಎಂದು ಹೇಳಬೇಕಾಗಿಲ್ಲ. ಆಮೇಲೆ ತಾರಸಿಯಲ್ಲಿ ಒಣಹಾಕಿದ ಹಾಸಿಗೆಗಳನ್ನು ತರಲು ಹೋದಳು.

ಬರುವಷ್ಟರಲ್ಲಿ ಸಾಮ್ತೆನ್ ತೋಳು ಮಡಚಿಕೊಂಡು ಒಲೆಯ ಮುಂದೆ ನಿಂತಿದ್ದ, ಯುದ್ಧ ಗೆದ್ದ ಮುಖ ಮಾಡಿಕೊಂಡು.

"ನೋಡು, ಈ ವರ್ಷ ನಾನೂ ಕೈ ಹಾಕ್ದೆ."

"ಯಾವುದಕ್ಕೆ?"

"ಉಂಡೆಗಳಿಗೆ. ಎಂಥಾ ಉಂಡೆ ಮಾಡಿದ್ಯೇ! ಒಂದಕ್ಕೆ ಕಿವಿ, ಇನ್ನೊಂದಕ್ಕೆ ಮೂಗು. ಎಲ್ಲಾನೂ ಉರುಟಾಗಿ ಉಜ್ಜಿ ಪಾತ್ರೆಗೆ ಬಿಟ್ಟೆ. ಈಗ ಒಂದನ್ನ ನೋಡಿದ್ರೆ ಒಂಬತ್ತನ್ನೂ ನೋಡಿದ ಹಾಗೆ."

"ಯಾರು ಹೇಳಿದ್ರು ನಿಮ್ಗೆ?"

"ಯಾರೂ ಹೇಳದೇನೇ ಮಾಡ್ದೆ! ಹೇಳದೆ ಒಂದು ಕೆಲಸ ಮಾಡಲ್ಲ ಅಂತ ದಿನಾ ಬೈತೀಯಲ್ಲ?"

ಆಗಷ್ಟೇ ಬಂದಿಳಿದಿದ್ದ ನಾದಿನಿ ಛೊಯ್‌ಜೋಮ್ ಬಾಗಿಲಿನಿಂದಲೇ ನ್ಯಾಯ ತೀರ್ಮಾನಿಸಿದಳು. "ಪಾಪ, ಅಣ್ಣ ಏನು ಮಾಡಿದ್ರೂ ಅತ್ತಿಗೆಗೆ ತಪ್ಪೇ."

ಯಾಂಗ್‌ಕೀ ಪಾತ್ರೆಯೊಳಗೆ ಬಗ್ಗಿ ನೋಡಿದಳು. ಏಳು ಉಂಡೆ ತಳ ಸೇರಿದ್ದವು, ಎರಡು ತೇಲುತ್ತಿದ್ದವು. ಹಗುರಾದವು ಎರಡೇ. ಒಂದರಲ್ಲಿ ಉಣ್ಣೆ, ಇನ್ನೊಂದರಲ್ಲಿ ಇದ್ದಿಲು. ಸೌಟಿನಿಂದ ತಟ್ಟಿ ನೋಡಿದಳು, ಮೂಸಿ ನೋಡಿದಳು, ಇಬ್ಬರು ಅಕ್ಕತಂಗಿಯರ ಜಗಳಕ್ಕೆ ಸಾಕ್ಷಿ ಹೇಳುವವಳಂತೆ ಒಂದರಿಂದ ಒಂದಕ್ಕೆ ಕಣ್ಣು ಹಾಯಿಸಿದಳು. ಒಳಗಿನಿಂದ "ಹಸಿವೂ" ಎಂಬ ಗಂಡನ ಕೂಗು ಬಂತು. ಕಣ್ಣು ಮುಚ್ಚಿ ಒಂದನ್ನು ಎತ್ತಿ ಅಮಾಲಾ ಬಟ್ಟಲಿಗೆ ಹಾಕಿದಳು. ಉಳಿದ ಮೂವರಿಗೆ ತಳದಲ್ಲಿ ಸಿಕ್ಕಿದ್ದು.

ಛೊಯ್‌ಜೋಮ್‌ಗೆ ಮೆಣಸಿನಕಾಯಿ ಬಂತು. ತಾನು ಬಾಯಿಬಡುಕಿ ಅಲ್ಲವೇ ಅಲ್ಲ ಎಂದು ಆಕೆ ಸೂಪು ಆರುವವರೆಗೆ ವಾದಿಸಿದಳು. ಸಾಮ್ತೆನ್‌ಗೆ ಬೆಣಚುಕಲ್ಲು, ದೀರ್ಘಾಯುಷ್ಯ. (ಇಟ್ಟಲ್ಲೇ ಇರುವ ವಸ್ತು. ಸೂಪು ಪೂರ್ತಿ ದಾರಿ ತಪ್ಪಿಲ್ಲ ಎಂದುಕೊಂಡಳು ಯಾಂಗ್‌ಕೀ.) ಆಮೇಲೆ ತನ್ನ ಉಂಡೆ ಒಡೆದಳು.

ಉಪ್ಪು.

"ಸೋಮಾರಿ!" ಸಾಮ್ತೆನ್ ತೊಡೆ ತಟ್ಟಿದ. "ಅದಕ್ಕೇ ಹಾಸಿಗೆ ತರೋ ನೆಪದಲ್ಲಿ ತಾರಸಿಗೆ ಹೋದೆ! ಉಂಡೆ ನಾನು ಉಜ್ಜಬೇಕಾಯ್ತು!"

ಛೊಯ್‌ಜೋಮ್ ನಕ್ಕು ನಕ್ಕು ಕೆಮ್ಮಿದಳು. ಅಮಾಲಾ ನಗಲಿಲ್ಲ. ತಮ್ಮ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದರು. ಒಡೆಯದೆ ಅದನ್ನು ಸೊಸೆಯತ್ತ ಚಾಚಿದರು.

"ಯಾಂಗ್‌ಕೀ, ನೀನೇ ಒಳಗೆ ತಗೊಂಡು ಹೋಗಿ ಒಡೆದು ನೋಡು. ಇಲ್ಲಿ ಬೇಡ."

ಅಡುಗೆಮನೆಯಲ್ಲಿ ಒಡೆದಳು. ಇದ್ದಿಲು.

ಪಾತ್ರೆಯಲ್ಲಿ ಇನ್ನೊಂದು ಉಂಡೆ ಹಾಯಾಗಿ ತೇಲುತ್ತಿತ್ತು. ಬೆರಳು ಸುಟ್ಟುಕೊಂಡು ಅದನ್ನೆತ್ತಿ ಸೀಳಿ, ಹಸಿ ಉಣ್ಣೆಯನ್ನು ಒಂದು ಅಂಗೈಗೆ ತೆಗೆದುಕೊಂಡಳು. ಇನ್ನೊಂದು ಅಂಗೈಯ ಇದ್ದಿಲನ್ನು ಎಲ್ಲಿ ಎಸೆಯಲಿ ಎಂದು ನೋಡುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದು. ಗಂಡ! ತಾನೇ ಎದ್ದು, ತಾನೇ ನಡೆದು, ಖಾಲಿ ಬಟ್ಟಲನ್ನು ತಾನೇ ಹಿಡಿದು ಬರುತ್ತಿದ್ದಾನೆ! ಒಂದೇ ದಿನದಲ್ಲಿ ಎರಡನೆಯ ಸಲ ಅವನು ಉಪಕಾರಕ್ಕೆ ಇಳಿದಿದ್ದ. ಯಾಂಗ್‌ಕೀ ಇದ್ದಿಲನ್ನು ಬಾಯಿಗೆ ಹಾಕಿಕೊಂಡಳು.

"ಏನು ಬಂತು ಅಮಾಲಾಗೆ?"

ಅಂಗೈ ತೆರೆದು ತೋರಿಸಿದಳು.

"ಉಣ್ಣೆ! ಅಮಾಲಾ, ಉಣ್ಣೆ ಕಣಮ್ಮಾ!" ಎಂದು ಅದನ್ನು ಕಿತ್ತುಕೊಂಡು ಓಡಿದ.

 ಒಳಗಿನಿಂದ ಮುದುಕಿಯ ಬಿಕ್ಕು ಕೇಳಿತು, ಮೂಗೆಳೆದದ್ದು ಕೇಳಿತು. ನಂತರ ವರ್ಷದಿಂದ ಕೇಳದಿದ್ದ ಆ ಮಾತು.

"ಇನ್ನೊಂದು ಸೌಟು ಹಾಕ್ರೋ ನಂಗೆ. ಯಾಂಗ್‌ಕೀ, ನೀನು ಉಂಡ್ಯಾ? ಬಾರೇ ಇಲ್ಲಿ, ನನ್ನ ಪಕ್ಕ ಕೂತ್ಕೋ."

ಉತ್ತರ ಗಂಟಲಿಗೆ ಬಂತು. ಬಾಯಿ ತೆರೆಯುವಂತಿರಲಿಲ್ಲ. ಇದ್ದಿಲು ಹಲ್ಲಿಗೆ ಸಿಕ್ಕಿ ಪುಡಿಯಾಗಿತ್ತು. ಸೌಟಿನ ಹಿಂಬದಿಯಲ್ಲಿ ನೋಡಿಕೊಂಡಳು. ತುಟಿಯಿಂದ ನಾಲಿಗೆಯವರೆಗೆ ಕಡುಕಪ್ಪು. ನಲ್ಲಿ ತಿರುಗಿಸಿದರೆ ಗಾಳಿ ಬಂತು. ಹೊತ್ತು ತಂದ ನೀರೆಲ್ಲ ಮನೆ ತೊಳೆದು ಮುಗಿದಿತ್ತು.

"ಅವಳೆಲ್ಲಿ ಬರ್ತಾಳೆ?" ಸಾಮ್ತೆನ್‌ನ ದನಿ. "ಉಪ್ಪಿನವಳು! ಉತ್ತರ ಕೊಡೋಕೂ ಸೋಮಾರಿತನ!"

"ಅತ್ತಿಗೇ," ಛೊಯ್‌ಜೋಮ್ ಕೂಗಿದಳು, "ಪಾತ್ರೆ ಹಾಗೇ ಬಿಡ್ಬೇಡಿ. ಹಿಟ್ಟು ಒಣಗಿದ್ರೆ ಆಮೇಲೆ ಉಜ್ಜೋಕೆ ನಿಮ್ಗೇ ಕಷ್ಟ!"

ಯಾಂಗ್‌ಕೀ ಪಾತ್ರೆಗಳ ಗುಡ್ಡೆಯನ್ನು ನೋಡಿದಳು. ಸೋಮಾರಿ ಎಂಬುದು ಇಡೀ ಮನೆಯೆದುರು ಘನಗಂಭೀರವಾಗಿ ದೊರೆತ ಬಿರುದು. ಅದರ ಮರ್ಯಾದೆ ಉಳಿಸುವವರು ಯಾರು? ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಸೂಪಿನ ಪಾತ್ರೆಯನ್ನು ಎಳೆದುಕೊಂಡು, ಗೋಡೆಗೊರಗಿ, ಎರಡೂ ಕಾಲು ಚಾಚಿ ಕುಳಿತು ಸೌಟಿನಿಂದಲೇ ಉಣ್ಣತೊಡಗಿದಳು. ಸುತ್ತಲೂ ಹಿಟ್ಟು ಒಣಗಿ ಬಿರಿಯತೊಡಗಿತು. ಅವಳು ಏಳಲಿಲ್ಲ.