ಹೆಡ್‌ಮೇಡಂಗೆ ಒಂದನೇ ನಂಬರು

ಬನಶಂಕರಿಯ ಒಂದು ಶಾಲೆಯಲ್ಲಿ ಗಣಿತ ಹೇಳುವ ನಾನು ಯಂತ್ರಗಳಿಗೆ ಹೆದರುವ ಪೈಕಿ ಅಲ್ಲ. ಮನೆಯ ಮಿಕ್ಸಿಯನ್ನು ನಾನೇ ಬಿಚ್ಚಿ ರಿಪೇರಿ ಮಾಡಿದ್ದೇನೆ. ಆಮೇಲೆ ಹೊಸ ಮಿಕ್ಸಿ ತಂದೆವು, ಅದು ಬೇರೆ ವಿಚಾರ.

ಆವತ್ತು ಊಟದ ಬೆಲ್ ಆದ ಮೇಲೆ ಹತ್ತನೇ ಕ್ಲಾಸಿನ ಪವಿತ್ರಾ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಹಾಸ್ಟೆಲ್ ಸಮೇತ ಉಚಿತವಾಗಿ ಓದಿಸುವ ಪಿಯು ಕಾಲೇಜೊಂದಕ್ಕೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಸಂಜೆ ಐದರೊಳಗೆ, ಶಾಲೆಯ ಕಂಪ್ಯೂಟರಿನಿಂದಲೇ ಕಳಿಸಬೇಕು. ಅವಳಮ್ಮ ಸಿದ್ದಾಪುರದಲ್ಲಿ ಮೂರು ಮನೆ ಅಡುಗೆ ಮಾಡುವವರು. ಸೀಟು ಸಿಗದಿದ್ದರೆ ಹುಡುಗಿ ಗಾರ್ಮೆಂಟ್ಸ್‌ಗೆ ಹೋಗುವುದು ಅಂತ ಮನೆಯಲ್ಲಿ ಮಾತಾಗಿತ್ತು.

ಲ್ಯಾಬಿನ ಹದಿನೆಂಟು ಕಂಪ್ಯೂಟರುಗಳಲ್ಲಿ ಮೂರಕ್ಕೆ ಇಂಟರ್ನೆಟ್ ಇರಲಿಲ್ಲ. ಗೋಡೆಯ ಮೇಲಿನ ನೆಟ್ ಪೆಟ್ಟಿಗೆ ಪ್ರತಿ ಕಂಪ್ಯೂಟರಿಗೂ ತಾನಾಗೇ ಒಂದು ನಂಬರು ಕೊಡಬೇಕು. ಆ ನಂಬರೇ ಅದರ ವಿಳಾಸ. ಈ ಮೂರಕ್ಕೆ ಅದು ಸಿಕ್ಕಿರಲಿಲ್ಲ.

"ಸಾರ್, ಆ ಕಡೇದು ಚೆನ್ನಾಗಿದೆ. ಅದ್ರಲ್ಲಿ ಹಾಕ್ಲಾ?" ಅಂದಳು ಪವಿತ್ರಾ.

"ಐದು ನಿಮಿಷ ಇರಮ್ಮ. ಎಲ್ಲಾನೂ ಒಂದೇ ಸಲ ಸರಿ ಮಾಡಿಬಿಡ್ತೀನಿ."

ಆಗ ಗಂಟೆ ಎರಡು. ಪೆಟ್ಟಿಗೆಗೆ ಹಂಚೋಕೆ ಬರದಿದ್ದರೆ ನಾನೇ ಹಂಚುತ್ತೇನೆ ಎಂದು ತೀರ್ಮಾನಿಸಿದೆ. ಇಡೀ ಶಾಲೆಯ ಕಂಪ್ಯೂಟರುಗಳ ಪಟ್ಟಿ ಮಾಡಿ, ಹಾಜರಿ ಪುಸ್ತಕದ ಹಾಗೆ ನಂಬರು ಬರೆದೆ. ಮರ್ಯಾದೆ ಅಂತ ಒಂದಿದೆಯಲ್ಲ, ಒಂದನೇ ನಂಬರು ಹೆಡ್‌ಮೇಡಂಗೆ. ಎರಡು ಆಫೀಸಿಗೆ. ಮೂರರಿಂದ ಲ್ಯಾಬು. ಪವಿತ್ರಾ ಪಕ್ಕದಲ್ಲಿ ನಿಂತು ಪಟ್ಟಿ ಹಿಡಿದುಕೊಂಡಳು. ನಾನು ಒಂದೊಂದಕ್ಕೂ ಕೈಯಾರೆ ನಂಬರು ತುಂಬಿಸಿದೆ. ಕೊನೆಗೆ ಮೇಡಂ ರೂಮಿಗೆ ಹೋಗಿ ಅವರ ಕಂಪ್ಯೂಟರಿಗೂ ಪಟ್ಟಾಭಿಷೇಕ ಮಾಡಿ ಬಂದೆ.

ವಾಪಸ್ ಬಂದು ನೋಡಿದರೆ ಹದಿನೆಂಟರಲ್ಲೂ ನೆಟ್ ಸತ್ತಿತ್ತು. ಇಡೀ ಶಾಲೆಯೇ ಸತ್ತಿತ್ತು.

ಪೆಟ್ಟಿಗೆ ಆರಿಸಿ ಹಾಕಿದೆ. ವೈರು ಕಿತ್ತು ಸಿಕ್ಕಿಸಿದೆ. ನಾಲ್ಕಕ್ಕೆ ಹೆಂಡತಿ ಫೋನ್ ಮಾಡಿ, "ಬರ್ತಾ ಸಬ್ಬಕ್ಕಿ ಸೊಪ್ಪು ತನ್ನಿ" ಅಂದಳು. ಶಾಲೆಯ ನೆಟ್‌ವರ್ಕ್ ರಿಪೇರಿ ಮಾಡ್ತಿದ್ದೀನಿ ಎಂದೆ. "ರೀ, ನೀವು ಕೈ ತೆಗೀರಿ," ಎಂದಳು. ಆಮೇಲೆ ಟೆಕ್ನಿಷಿಯನ್ ಮಂಜುನಾಥನಿಗೆ ಫೋನ್ ಮಾಡಿದೆ. ಅವನು ಮಡಿವಾಳದ ಟ್ರಾಫಿಕ್ಕಿನಲ್ಲಿದ್ದ.

ಮಂಜುನಾಥ ಬಂದಾಗ ಐದೂಮುಕ್ಕಾಲು. "ನಿಮ್ಮ ಮೇಷ್ಟ್ರುಗಳ ಫೋನುಗಳೇ ವೈಫೈಗೆ ಸೇರ್ಕೊಂಡು ನಂಬರೆಲ್ಲ ನುಂಗಿಬಿಟ್ಟಿದ್ವು ಸಾರ್, ಅದಕ್ಕೆ ಮೂರಕ್ಕೆ ಸಿಕ್ಕಿರ್ಲಿಲ್ಲ. ಅದು ಬಿಡಿ, ಮೇಡಂ ಕಂಪ್ಯೂಟರಿಗೆ ಒಂದನೇ ನಂಬರು ಯಾರು ಕೊಟ್ರು? ಅದು ಪೆಟ್ಟಿಗೆದು. ಒಂದೇ ನಂಬರಲ್ಲಿ ಇಬ್ಬರು ಕೂತ್ರೆ ಯಾರಿಗೂ ನೆಟ್ ಬರಲ್ಲ." ನಾನು ಕಿಟಕಿಯ ಕಡೆ ನೋಡಿದೆ.

ಮೇಡಂ ಕಾಲೇಜಿಗೆ ಫೋನ್ ಮಾಡಿ ಬೇಡಿಕೊಂಡರು. ಐದಕ್ಕೆ ಮುಗೀತು, ಇನ್ನು ಮುಂದಿನ ವರ್ಷ ಅಂದರು ಕಾಲೇಜಿನವರು.

ಮಾರನೇ ದಿನ ನನಗೆ ತಡೆಯಲಾಗಲಿಲ್ಲ. ಪವಿತ್ರಾಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ತಪ್ಪು ನಂದೇ ಕಣಮ್ಮ. ಆ ಒಂದನೇ ನಂಬರು ಕೊಡಬಾರದಾಗಿತ್ತು" ಎಂದೆ.

"ಗೊತ್ತಿತ್ತು ಸಾರ್. ಹೋದ ಸಲ ಮಂಜಣ್ಣ ಬಂದಾಗ ಹೇಳಿದ್ರು, ಒಂದನೇ ನಂಬರು ಪೆಟ್ಟಿಗೆದು ಅಂತ."

"ಮತ್ತೆ ನಾನು ಬರೆಯೋವಾಗ ಯಾಕಮ್ಮ ಹೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು. "ನಿಮಗೆ ತಪ್ಪು ಅಂತ ಹೆಂಗೆ ಸಾರ್ ಹೇಳೋದು? ಭಯ ಆಯ್ತು."

ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತೆ ಅಂತ ಇಪ್ಪತ್ತೆರಡು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡು ಬಂದಿದ್ದೇನೆ.